ಡ್ಯಾಶುಂಡ್ ನಾಯಿಯ ಕಿವಿಯಂಚು, ನಾನು ದಾರಿ ತಪ್ಪಿದ ಮೊದಲ ತಿಂಗಳು

ಶರಣಬಸವೇಶ್ವರ ಜಾತ್ರೆಯ ತೇರು ಎಳೆದು ಮೂರು ದಿನವಾಗಿತ್ತು. ಕಲಬುರಗಿಯಲ್ಲಿ ಆ ಹೊತ್ತಿಗೆ ಬಿಸಿಲು ಕಣ್ಣು ಕೆಂಪು ಮಾಡಿಕೊಂಡಿರುತ್ತದೆ. ಜಾತ್ರೆಯ ಮಿಠಾಯಿ ತಿಂದು ಹೊಟ್ಟೆ ಕೆಡಿಸಿಕೊಂಡ ನಾಯಿಗಳಿಂದ ಕ್ಲಿನಿಕ್ ತುಂಬಿದ್ದ ಒಂದು ಸಂಜೆ, ಬ್ರಹ್ಮಪುರದ ಕಡೆಯ ಒಬ್ಬ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಬಂದರು. ಮೊಮ್ಮಗನ ತೋಳಲ್ಲಿ ಟೈಗರ್. ಹೆಸರು ಟೈಗರ್ ಆದರೂ ತೂಕ 6.4 ಕಿಲೋ. ಐದು ವರ್ಷದ ಗಂಡು ಡ್ಯಾಶುಂಡ್, ಕೆಂಗಂದು ಬಣ್ಣ, ನೆಲಕ್ಕೆ ತಾಗುವಂಥ ಹೊಟ್ಟೆ, ಗಲ್ಲ ದಾಟಿ ಇಳಿಬಿದ್ದ ಕಿವಿ.

"ಕಿವಿಗಿ ಏನೋ ಹತ್ಯಾದ ನೋಡ್ರಿ ಡಾಕ್ಟ್ರ. ಕೂದ್ಲಾ ಉದರ್ಲಕತ್ಯಾವ. ತೊಗರಿ ಹೊಟ್ಟು ಉದುರ್ದಂಗ ಉದುರ್ತದ."

ಅಜ್ಜಿಯ ಮಗನದು ದಾಲ್ ಮಿಲ್, ಹಾಗಾಗಿ ಆ ಹೋಲಿಕೆ ಅವರಿಗೆ ಬಾಯಿಗೆ ಬಂದದ್ದಲ್ಲ, ಕಣ್ಣಿಗೆ ಕಂಡದ್ದು. ನಾನು ನೋಡಿದ್ದೂ ಅದನ್ನೇ. ಎರಡೂ ಕಿವಿಗಳ ಕೆಳ ಅಂಚಿನ ಉದ್ದಕ್ಕೂ ಬೂದು ಮಿಶ್ರಿತ ಹಳದಿ ಹಕ್ಕಳೆ, ಮುಟ್ಟಿದರೆ ಜಿಡ್ಡು, ಕೆರೆದರೆ ಕೂದಲ ಗುಚ್ಛದ ಸಮೇತ ಎದ್ದು ಬರುವಂಥದ್ದು. ಎಡಗಿವಿಯ ಅಂಚಿನಲ್ಲಿ ಭತ್ತದ ಕಾಳಿನಷ್ಟು ಉದ್ದದ ಒಂದು ಸೀಳು. ಇದಲ್ಲದೆ ಕಿವಿಯ ಹೊರಮೈ ನಡುವೆ ಕೂದಲು ತೆಳುವಾಗಿ, ಚರ್ಮ ನುಣ್ಣಗೆ, ಕಪ್ಪಗೆ, ಹಳೆಯ ಚಪ್ಪಲಿಯ ತೊಗಲಿನ ಹಾಗೆ ಕಾಣುತ್ತಿತ್ತು.

ಆವತ್ತಿನ ಕಾರ್ಡಿನಲ್ಲಿ ನಾನು ಬರೆದದ್ದು: "ಎರಡೂ ಕಿವಿ, ಕೂದಲು ಉದುರಿದೆ, ಹಕ್ಕಳೆ ಇದೆ." ಈಗ ಆ ಸಾಲನ್ನು ಓದಿದರೆ ನನಗೇ ನಾಚಿಕೆ. ಅಂಚಿನ ಹಕ್ಕಳೆ ಬೇರೆ, ಹೊರಮೈಯ ಬೋಳು ಬೇರೆ. ಎರಡನ್ನೂ ಒಂದೇ ಸಾಲಿಗೆ ತುರುಕಿದ ಕ್ಷಣದಲ್ಲೇ ಈ ಪ್ರಕರಣ ನನ್ನ ಕೈ ತಪ್ಪಿತ್ತು.

ಕಜ್ಜಿ ಎಂದುಕೊಂಡದ್ದು

ಅಂದಾಜು ಮಾಡಿದ್ದು ಕಜ್ಜಿ. ನಮ್ಮ ಕಡೆ ಹುರುಕು ಅನ್ನುತ್ತಾರೆ, ಹಳೇ ಊರಿನ ಗಲ್ಲಿಗಳಲ್ಲಿ ಖುಜಲಿ. ಅದನ್ನು ತರುವ ಸಾರ್ಕಾಪ್ಟಿಸ್ ನುಸಿ ಚರ್ಮದೊಳಗೆ ಸುರಂಗ ತೋಡುತ್ತದೆ, ಮತ್ತು ಅದಕ್ಕೆ ಕಿವಿಯ ಅಂಚು, ಮೊಣಕೈ, ಹಿಮ್ಮಡಿ ಎಂದರೆ ಬಲು ಇಷ್ಟ. ಜಾತ್ರೆಯ ದಿನಗಳಲ್ಲಿ ಊರ ನಾಯಿಗಳೆಲ್ಲ ಒಂದೆಡೆ ಸೇರುತ್ತವೆ. ಅಜ್ಜಿಯ ಮೊಮ್ಮಗನ ಕುತ್ತಿಗೆ, ತೋಳಿನ ಮಡಿಕೆಯಲ್ಲಿ ಕೆಂಪು ಗುಳ್ಳೆಗಳಿದ್ದವು, ಹುಡುಗ ಕೂತಲ್ಲೇ ತುರಿಸಿಕೊಳ್ಳುತ್ತಿದ್ದ. ನಾಯಿಯ ಕಜ್ಜಿ ಮನೆಯವರಿಗೂ ಕೆಲಕಾಲ ತಗಲುವುದು ನಿಜ. ಇಷ್ಟು ಸಾಕಾಯಿತು ನನಗೆ.

ಚರ್ಮ ಕೆರೆದು ಒಂದೇ ಒಂದು ಸ್ಲೈಡ್ ನೋಡಿದೆ. ನುಸಿ ಸಿಗಲಿಲ್ಲ. ಅದರಿಂದ ನನಗೇನೂ ಅನುಮಾನ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಸಾರ್ಕಾಪ್ಟಿಸ್ ಇದ್ದ ನಾಯಿಗಳಲ್ಲೂ ಕೆರೆದಾಗ ನುಸಿ ಸಿಗದೇ ಹೋಗುವುದು ತುಂಬಾ ಸಾಮಾನ್ಯ, ಅದಕ್ಕಾಗಿಯೇ ಸ್ಲೈಡ್ ಖಾಲಿ ಇದ್ದರೂ ಔಷಧ ಕೊಟ್ಟು ನೋಡುವ ಪದ್ಧತಿ ಇದೆ. ಅಷ್ಟರಮಟ್ಟಿಗೆ ನಾನು ಮಾಡಿದ್ದು ಪುಸ್ತಕಕ್ಕೆ ಹೊರತಾದ ಕೆಲಸವಲ್ಲ. ತಪ್ಪಿದ್ದು ಪ್ರಶ್ನೆ ಕೇಳಿದ ರೀತಿಯಲ್ಲಿ.

"ತುರಿಸ್ಕೊಂತದೇನ್ರಿ ಅಮ್ಮಾ?"

"ನಾಯಿ ಅಂದಮ್ಯಾಲ ತುರಿಸ್ದೆ ಇರ್ತದೇನ್ರಿ?"

ಇದನ್ನು ನಾನು ಹೌದು ಎಂದು ಬರೆದುಕೊಂಡೆ. ಕಜ್ಜಿಯ ನಾಯಿ ತುರಿಸುವುದು ಹಾಗಲ್ಲ. ಅದು ಊಟ ಬಿಟ್ಟು, ನಿದ್ದೆ ಬಿಟ್ಟು, ಪರೀಕ್ಷೆಯ ಮೇಜಿನ ಮೇಲೆ ನಿಂತಲ್ಲೇ ಹಿಂಗಾಲು ಎತ್ತುತ್ತದೆ. ಟೈಗರ್ ಮೇಜಿನ ಮೇಲೆ ಹದಿನೈದು ನಿಮಿಷ ಒಂದು ಸಲವೂ ತುರಿಸದೆ ಆಕಳಿಸುತ್ತಾ ಕೂತಿದ್ದ. ಅದು ನನ್ನ ಕಣ್ಣೆದುರೇ ಇತ್ತು.

ಕೊಟ್ಟದ್ದು ನುಸಿ ಕೊಲ್ಲುವ ಅಫಾಕ್ಸೊಲಾನರ್ ಮಾತ್ರೆ, ತೂಕಕ್ಕೆ ತಕ್ಕದ್ದು, ತಿಂಗಳಿಗೆ ಒಂದರಂತೆ ಎರಡು. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಲು ಹೇಳಿದೆ. "ಒಂದು ತಿಂಗಳದಾಗ ಕೂದ್ಲಾ ಬರ್ತಾವ್ರಿ" ಎಂದೂ ಹೇಳಿಬಿಟ್ಟೆ.

ಇಲ್ಲಿ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಸಣ್ಣ ನಾಯಿ ಸಾಕುವವರಿಗೆ ಇದು ಜೀವದ ಪ್ರಶ್ನೆ. ಅಜ್ಜಿಯ ಮನೆಗೆ ಹಾಲು ಹಾಕುವ ಗೌಳಿ, "ಎಮ್ಮಿಗಿ ಕೊಡೋ ಸೂಜಿ ಅದ, ಒಂದು ಎಂ.ಎಲ್. ಹೊಡದ್ರ ಹುರುಕೆಲ್ಲಾ ಹೋಗ್ತದ" ಎಂದಿದ್ದನಂತೆ. ಅವನು ಹೇಳಿದ್ದು ಐವರ್ಮೆಕ್ಟಿನ್. ದನಗಳಿಗೆ ಮಾರುವ 1 ಶೇಕಡಾ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ 10 ಮಿ.ಗ್ರಾಂ. ಇರುತ್ತದೆ, ಆ ಒಂದು ಎಂ.ಎಲ್. 50 ಕಿಲೋ ದೇಹತೂಕದ ಲೆಕ್ಕ. ಕಿಲೋಗೆ 0.2 ಮಿ.ಗ್ರಾಂ.ನಂತೆ ಹಿಡಿದರೆ ಟೈಗರ್‌ನ 6.4 ಕಿಲೋಗೆ ಬೇಕಾಗುವುದು 1.28 ಮಿ.ಗ್ರಾಂ., ಅಂದರೆ 0.13 ಎಂ.ಎಲ್. ಇನ್ಸುಲಿನ್ ಸಿರಿಂಜ್ ಇಲ್ಲದೆ ಅಳೆಯಲಾಗದಷ್ಟು. ಗೌಳಿಯ ಕೈಯಿಂದ ಒಂದು ಎಂ.ಎಲ್. ಹೋಗಿದ್ದರೆ ಅದು ಸುಮಾರು ಎಂಟು ಪಟ್ಟು. ತೂರಾಡುವುದು, ಕಣ್ಣು ಕಾಣದಂತಾಗುವುದು, ಕೋಮಾ, ಇವೆಲ್ಲ ಆ ದಾರಿಯಲ್ಲಿ ಬರುತ್ತವೆ. ಕೋಲಿ ಜಾತಿಯ ಕೆಲವು ನಾಯಿಗಳಿಗಂತೂ ಹುಟ್ಟಿನಿಂದಲೇ ಈ ಔಷಧ ಮಿದುಳಿಗೆ ನುಗ್ಗುತ್ತದೆ, ಅವಕ್ಕೆ ಕಡಿಮೆ ಪ್ರಮಾಣವೂ ಅಪಾಯವೇ. ಉಣ್ಣಿ ಸಾಯಲೆಂದು ದನದ ಮೈಗೆ ಬಳಿಯುವ 12.5 ಶೇಕಡಾ ಅಮಿಟ್ರಾಜ್ ಕೂಡ ಇದೇ ಕಥೆ. ಲೀಟರ್ ನೀರಿಗೆ 2ರಿಂದ 4 ಎಂ.ಎಲ್. ಬೆರೆಸಬೇಕಾದದ್ದನ್ನು ಅಂಗೈಯಲ್ಲಿ ಸುರಿದು ಸಣ್ಣ ನಾಯಿಯ ಕಿವಿಗೆ ಉಜ್ಜಿದವರನ್ನು ನಾನು ನೋಡಿದ್ದೇನೆ. ಸದ್ಯ, ಅಜ್ಜಿ ಗೌಳಿಯ ಮಾತು ಕೇಳಿರಲಿಲ್ಲ.

ತಿಂಗಳ ಮೇಲೆ

ಏಪ್ರಿಲ್ ನಡುವಿಗೆ ಮತ್ತೆ ಬಂದರು. ಹುಡುಗನ ಗುಳ್ಳೆಗಳು ಮಾಯವಾಗಿದ್ದವು. ಚರ್ಮದ ಡಾಕ್ಟರು ನೋಡಿ ಬೆವರುಸಾಲೆ ಅಂದಿದ್ದರಂತೆ. ಕೂಲರ್ ಅವನ ಮಂಚದ ಕಡೆ ತಿರುಗಿಸಿದ್ದೇ ಔಷಧ. ಟೈಗರ್‌ನ ಕಿವಿ ಇದ್ದಲ್ಲೇ ಇತ್ತು, ಸೀಳು ಮಾತ್ರ ಎರಡರಷ್ಟಾಗಿತ್ತು.

"ಹುಡುಗಂದು ಮಾಯ್ತು, ನಾಯೀದು ಮಾಯಲಿಲ್ಲ," ಎಂದರು ಅಜ್ಜಿ. ಬೈಗುಳ ಅದರಲ್ಲಿ ಇರಲಿಲ್ಲ, ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು.

ಚೀಲದಿಂದ ಕರವಸ್ತ್ರ ತೆಗೆಯುವಾಗ ಜೊತೆಗೆ ಒಂದು ಟ್ಯೂಬ್ ಬಿತ್ತು. ಬಾಲದಿಂದ ಸುರುಳಿ ಸುತ್ತಿ ಹಿಂಡಿ ಹಿಂಡಿ ಚಪ್ಪಟೆಯಾದದ್ದು. ದೀಪಾವಳಿಯ ಹೊತ್ತಿಗೆ ಕಿವಿಯಲ್ಲಿ ಹೊಟ್ಟು ಕಂಡಾಗ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದಿದ್ದರಂತೆ, ಇದು ನಾಲ್ಕನೆಯದು. ಓದಿ ನೋಡಿದೆ: ಕ್ಲೊಬೆಟಸಾಲ್, ಜೊತೆಗೆ ಒಂದು ಆ್ಯಂಟಿಬಯಾಟಿಕ್, ಒಂದು ಶಿಲೀಂಧ್ರನಾಶಕ. ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಕ್ಲೊಬೆಟಸಾಲ್ ಅತಿ ಬಲಶಾಲಿಗಳ ಸಾಲಿನದು.

"ಹಚ್ಚಿದ್ರ ಒಣಗ್ತದ, ಬಿಟ್ರ ಮತ್ತ ಬರ್ತದ. ಅದಕ್ಕ ಬಿಟ್ಟೇ ಇಲ್ಲ."

"ಮೊದ್ಲೇ ಯಾಕ ಹೇಳ್ಲಿಲ್ಲಮ್ಮಾ?"

"ನೀವು ಕೇಳ್ಲಿಲ್ಲಲ್ರಿ."

ಅಲ್ಲಿಗೆ ಮುಗಿಯಿತು. ಮರುದಿನ ಬೆಳಿಗ್ಗೆ ಎಂಟಕ್ಕೆ, ಬೇರೆ ಯಾರೂ ಬರುವ ಮುಂಚೆ ಬನ್ನಿ ಎಂದೆ. ಟೈಗರ್‌ಗೆ ಪೂರ್ತಿ ಒಂದು ಗಂಟೆ ಮೀಸಲಿಟ್ಟೆ.

ಎರಡನೆಯ ಸಲ ನೋಡಿದ್ದು

ಮೊದಲು ಮಾಡಿದ್ದು ಕೈಯಿಂದ ಮಾಡುವ, ಖರ್ಚಿಲ್ಲದ ಪರೀಕ್ಷೆ. ಕಿವಿಯ ತುದಿಯನ್ನು ಮಡಿಸಿ, ಅದರ ಅಂಚನ್ನು ಕಿವಿಯ ಬುಡಕ್ಕೆ ಐದಾರು ಸೆಕೆಂಡು ತಿಕ್ಕುವುದು. ಕಜ್ಜಿ ಇದ್ದರೆ ಹತ್ತರಲ್ಲಿ ಎಂಟು ನಾಯಿಗಳು ಅದೇ ಬದಿಯ ಹಿಂಗಾಲನ್ನು ತುರಿಸುವ ಹಾಗೆ ಒದೆಯುತ್ತವೆ. ಟೈಗರ್ ನನ್ನ ಮುಖ ನೋಡಿದ, ಅಷ್ಟೆ. ಎರಡೂ ಕಿವಿಗೂ ಮೂರು ಸಲ ಮಾಡಿದೆ, ಮೂರು ಸಲವೂ ಕಾಲು ನೆಲ ಬಿಡಲಿಲ್ಲ. ಮೊಣಕೈ, ಹಿಮ್ಮಡಿ, ಹೊಟ್ಟೆಯಡಿ ಚರ್ಮ ಸ್ವಚ್ಛ.

ಆಮೇಲೆ ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದ್ದು. ಇದು ಮೊದಲ ದಿನವೇ ಆಗಬೇಕಿತ್ತು, ಐದು ನಿಮಿಷದ ಕೆಲಸ. ನಾಯಿ ತಾನೇ ತುರಿಸಿ, ನೆಕ್ಕಿ, ಉಜ್ಜಿ ಕೂದಲು ಕಳೆದುಕೊಂಡಿದ್ದರೆ ಕೂದಲ ತುದಿ ಮುರಿದ ಕಡ್ಡಿಯಂತೆ ಮೊಂಡಾಗಿರುತ್ತದೆ. ತಾನಾಗಿ ಉದುರುತ್ತಿದ್ದರೆ ತುದಿ ಸೂಜಿಯಂತೆ ಚೂಪಾಗಿ ಉಳಿದಿರುತ್ತದೆ. ಟೈಗರ್‌ನ ಕಿವಿಯ ಹೊರಮೈಯಿಂದ ಕಿತ್ತ ಕೂದಲೆಲ್ಲ ಚೂಪು ತುದಿಯವು, ಆದರೆ ಗಿಡ್ಡ, ಬಲು ತೆಳು, ಮಗುವಿನ ತಲೆಗೂದಲಿನಂಥವು. ಅಂಚಿನಿಂದ ಕಿತ್ತವು ಬೇರೆಯೇ ಕಂಡವು: ಪ್ರತಿ ಕೂದಲ ಬುಡಕ್ಕೂ ಜಿಡ್ಡು ಮತ್ತು ಸತ್ತ ಚರ್ಮ ಸೇರಿದ ಒಂದು ಕೊಳವೆ ಬಳೆ ತೊಡಿಸಿದ ಹಾಗೆ ಸುತ್ತಿಕೊಂಡಿತ್ತು.

ಒಂದೇ ಕಿವಿ, ಎರಡು ಬಗೆಯ ಕೂದಲು. ಕಾರ್ಡಿನ ಆ ಒಂದು ಸಾಲನ್ನು ಹೊಡೆದು ಹಾಕಿ ಎರಡು ಸಾಲು ಬರೆದೆ.

ಉಳಿದವನ್ನೂ ಬಿಡಲಿಲ್ಲ. ಐದು ಜಾಗದಲ್ಲಿ ಚರ್ಮ ಕೆರೆದೆ, ಡೆಮೋಡೆಕ್ಸ್ ಎಂಬ ಇನ್ನೊಂದು ನುಸಿ ಕೂದಲ ಬುಡದಲ್ಲಿ ಅಡಗುವುದರಿಂದ ಎರಡು ಜಾಗದಲ್ಲಿ ರಕ್ತದ ಚುಕ್ಕೆ ಕಾಣುವ ತನಕ. ನುಸಿ ಇಲ್ಲ. ಅಂಟುಪಟ್ಟಿ ಒತ್ತಿ ತೆಗೆದು ಬಣ್ಣ ಹಾಕಿ ನೋಡಿದಾಗ ಮಲಸೀಜಿಯಾ ಎಂಬ ಯೀಸ್ಟ್ ಅಲ್ಲೊಂದು ಇಲ್ಲೊಂದು. ಜಿಡ್ಡಿದ್ದಲ್ಲಿ ಅದು ಇರುವುದೇ, ಮೂಲ ಕಾರಣ ಎನ್ನುವಷ್ಟು ಇರಲಿಲ್ಲ. ಗಜಕರ್ಣದ ಶಿಲೀಂಧ್ರ ಹುಡುಕುವ ನೇರಳೆ ದೀಪದಲ್ಲಿ ಕೂದಲು ಹೊಳೆಯಲಿಲ್ಲ. ಹೊಳೆಯದಿದ್ದ ಮಾತ್ರಕ್ಕೆ ಗಜಕರ್ಣ ಇಲ್ಲವೆನ್ನಲಾಗದು, ಅದಕ್ಕೆ ಕೂದಲನ್ನು ಕಲ್ಚರ್‌ಗೆ ಹಾಕಿದೆ. ಮೂರು ವಾರ ಕಾದರೂ ಏನೂ ಬೆಳೆಯಲಿಲ್ಲ. ಕಿವಿಯೊಳಗೆ ದೀಪ ಬಿಟ್ಟು ನೋಡಿದೆ: ಕಾಫಿ ಗಸಿಯಂಥ ಕಸ ಇಲ್ಲ, ಕೀವು ಇಲ್ಲ, ಉಣ್ಣಿ ಒಂದೂ ಇಲ್ಲ. ತಲೆ ಕೊಡವುವ ನಾಯಿಗೆ ಎಷ್ಟೋ ಸಲ ಕಿವಿಯೊಳಗಿನ ಸೋಂಕೇ ಮೂಲವಾಗಿರುತ್ತದೆ, ಅಂಚಿನ ಗಾಯ ಬರೀ ಪರಿಣಾಮ. ಇಲ್ಲಿ ಹಾಗಿರಲಿಲ್ಲ.

ಈ ಪ್ರಕರಣದ ನಂತರ ನಾನು ಕಿರಿಯ ವೈದ್ಯರಿಗೆ ಹೇಳುವುದಿಷ್ಟು: ಕಿವಿಯ ಯಾವ ಭಾಗ ಎಂದು ಮೊದಲು ಚಿತ್ರ ಬರೆಯಿರಿ, ಆಮೇಲೆ ಕಾಯಿಲೆಯ ಹೆಸರು ಹೇಳಿ. ನಿಗುರಿದ ಕಿವಿಯ ತುತ್ತತುದಿಯಲ್ಲಿ ರಕ್ತ ಒಣಗಿ ಕಪ್ಪು ಹಕ್ಕಳೆಯಾಗಿದ್ದರೆ ಕಚ್ಚುವ ನೊಣದ ಕೆಲಸ. ಮಳೆಗಾಲದಲ್ಲಿ ಕೊಟ್ಟಿಗೆ ಪಕ್ಕದ ಪೊಮೇರಿಯನ್‌ಗಳಲ್ಲಿ ಇದನ್ನು ಬೇಕಾದಷ್ಟು ನೋಡುತ್ತೇವೆ. ಅಂಚು ಮತ್ತು ಮೊಣಕೈ ಎರಡೂ ಹಕ್ಕಳೆಗಟ್ಟಿ, ಹುಚ್ಚು ಹಿಡಿದಂತೆ ತುರಿಕೆ ಇದ್ದರೆ ಕಜ್ಜಿ. ತುದಿಯಲ್ಲಿ ಇಲಿ ಕಡಿದಂತೆ ಅಂಚು ತಿಂದುಹೋಗಿದ್ದರೆ ಸಣ್ಣ ರಕ್ತನಾಳಗಳ ಉರಿಯೂತವನ್ನು ಯೋಚಿಸಬೇಕು. ದುಂಡಗೆ, ಒಂದೇ ಕಿವಿಯಲ್ಲಿ, ಕೂದಲು ಮುರಿದ ಮಚ್ಚೆ ಇದ್ದರೆ ಶಿಲೀಂಧ್ರ. ಎರಡೂ ಕಿವಿಯ ಅಂಚಿಗೆ ಸಮವಾಗಿ ಜಿಡ್ಡು ಹಕ್ಕಳೆ, ತುರಿಕೆ ಇಲ್ಲ, ನಾಯಿ ಡ್ಯಾಶುಂಡ್: ಇದು ಕಿವಿಯಂಚಿನ ಸೆಬೋರಿಯಾ. ಇನ್ನು ಹಕ್ಕಳೆ ಇಲ್ಲ, ಕೆಂಪಿಲ್ಲ, ತುರಿಕೆ ಇಲ್ಲ, ಹೊರಮೈ ಸುಮ್ಮನೆ ಬೋಳಾಗುತ್ತಿದೆ, ನಾಯಿ ಮತ್ತೆ ಡ್ಯಾಶುಂಡ್: ಅದು ವಂಶದ ಬೋಳು.

ಟೈಗರ್‌ಗೆ ಕೊನೆಯ ಎರಡೂ ಇದ್ದವು. ಅದರ ಮೇಲೆ ಮೂರನೆಯದಾಗಿ ಸ್ಟೀರಾಯ್ಡ್‌ನಿಂದ ತೆಳುವಾದ ಚರ್ಮ.

ಅಂಚಿಗೇ ಯಾಕೆ?

ಕಿವಿಯ ಹಾಲೆ ಎಂದರೆ ಮೃದ್ವಸ್ಥಿಯ ತೆಳು ತಗಡು, ಎರಡೂ ಬದಿಗೆ ಚರ್ಮ ಹೊಲಿದ ಹಾಗೆ. ನಡುವೆ ಕೊಬ್ಬಿನ ಮೆತ್ತೆ ಇಲ್ಲವೆಂದರೂ ನಡೆದೀತು. ರಕ್ತ ಬುಡದಿಂದ ಹೊರಟು ಅಂಚಿಗೆ ಬರುವಷ್ಟರಲ್ಲಿ ನಾಳಗಳು ಕೂದಲೆಳೆಯಷ್ಟಾಗಿರುತ್ತವೆ. ಕಾಲುವೆಯ ಕಡೇ ಹೊಲದ ಹಾಗೆ, ಸಿಕ್ಕಷ್ಟು ನೀರು. ಕೆಲವು ಡ್ಯಾಶುಂಡ್‌ಗಳಲ್ಲಿ ಆ ಅಂಚಿನ ಚರ್ಮದ ಬೆಳವಣಿಗೆಯಲ್ಲೇ ದೋಷ ಇರುತ್ತದೆ. ಆರೋಗ್ಯವಂತ ನಾಯಿಯ ಹೊರಚರ್ಮ ಹುಟ್ಟಿ ಉದುರಲು ಸುಮಾರು ಮೂರು ವಾರ ಬೇಕು. ಸೆಬೋರಿಯಾದಲ್ಲಿ ಅದು ಅವಸರ ಮಾಡುತ್ತದೆ, ಒಂದರ ಮೇಲೊಂದು ಪದರ ಪೇರಿಸಿ ಜಿಡ್ಡಿನಲ್ಲಿ ಅಂಟಿಸಿಬಿಡುತ್ತದೆ. ಆ ಗಟ್ಟಿ ಅಂಚು ತಲೆ ಕೊಡವಿದಾಗ ಬಿರಿಯುತ್ತದೆ. ಬಿರಿದದ್ದು ನೋಯುತ್ತದೆ, ನೋವಿಗೆ ಮತ್ತೆ ತಲೆ ಕೊಡವುತ್ತದೆ.

ನಮ್ಮ ಊರಿನ ಬೇಸಿಗೆ ಇದಕ್ಕೆ ತುಪ್ಪ ಸುರಿಯುತ್ತದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದ ಒಣಗಾಳಿ, ಅಂಗಳದ ಶಹಾಬಾದ್ ಪರಸಿ ಕಾದ ಹಂಚು. ಟೈಗರ್ ಮಧ್ಯಾಹ್ನ ಮಲಗುತ್ತಿದ್ದದ್ದು ಆ ಪರಸಿಯ ಮೇಲೆ, ಕಿವಿ ಚಾಚಿ. ಊಟ ಚೂರು ಮಾಡಿದ ಜೋಳದ ರೊಟ್ಟಿ, ಹಾಲು. ಉದ್ದ ಕಿವಿ ಎರಡೂ ಹಾಲಿನ ಬಟ್ಟಲಲ್ಲಿ ಮುಳುಗಿ ಎದ್ದು, ಅಂಚಿಗೆ ರೊಟ್ಟಿಯ ಹಿಟ್ಟು ಮೆತ್ತಿ ಒಣಗುತ್ತಿತ್ತು. ನಾನು ಹಕ್ಕಳೆ ಎಂದುಕೊಂಡದ್ದರಲ್ಲಿ ಒಂದು ಪಾಲು ಜೋಳದ ರೊಟ್ಟಿ ಎಂದು ಆಮೇಲೆ ಗೊತ್ತಾಯಿತು.

ಕ್ಲೊಬೆಟಸಾಲ್ ಮಾಡಿದ್ದೇನು? ಮೊದಮೊದಲು ಉರಿ ಇಳಿಸಿತು, ಅಜ್ಜಿಗೆ ಗುಣವಾದಂತೆ ಕಂಡಿತು. ತಿಂಗಳುಗಟ್ಟಲೆ ಹಚ್ಚಿದಾಗ ಮೊದಲೇ ತೆಳುವಾದ ಚರ್ಮವನ್ನು ಪಾತರಗಿತ್ತಿಯ ರೆಕ್ಕೆಯಂತೆ ಮಾಡಿತು. ಬೆಳಕಿಗೆ ಹಿಡಿದರೆ ಒಳಗಿನ ನಾಳಗಳ ಬಲೆ ಕಾಣುತ್ತಿತ್ತು. ಸೀಳು ಕೂಡದೆ ಇದ್ದದ್ದೂ ಇದರಿಂದಲೇ. ಕೆದಕಿ ಕೇಳಿದಾಗ ಇನ್ನೊಂದು ಹೊರಬಂತು: ಕೆಲವು ತಿಂಗಳಿಂದ ನಾಯಿ ಬಹಳ ನೀರು ಕುಡಿಯುತ್ತದೆ, ಪಡಸಾಲೆಯಲ್ಲೇ ಉಚ್ಚೆ ಹೊಯ್ಯುತ್ತದೆ. ಬಿಸಿಲಿಗೆ ಎಂದುಕೊಂಡಿದ್ದರು. ಆರು ಕಿಲೋ ನಾಯಿ, ಹಚ್ಚಿದ್ದನ್ನು ಚರ್ಮವೂ ಹೀರುತ್ತದೆ, ಕಾಲಿನಿಂದ ಒರೆಸಿಕೊಂಡು ನೆಕ್ಕಿಯೂ ನುಂಗುತ್ತದೆ. ದೇಹದ ಸ್ವಂತ ಸ್ಟೀರಾಯ್ಡ್ ಕಾರ್ಖಾನೆ ಮಲಗಿಬಿಟ್ಟಿರುತ್ತದೆ. ಹಾಗಾಗಿ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿ ಕೈತೊಳೆದುಕೊಳ್ಳುವಂತಿರಲಿಲ್ಲ. 1 ಶೇಕಡಾ ಹೈಡ್ರೋಕಾರ್ಟಿಸೋನ್‌ಗೆ ಇಳಿಸಿ, ವಾರದ ನಂತರ ದಿನ ಬಿಟ್ಟು ದಿನ, ಆಮೇಲೆ ನಿಲ್ಲಿಸಿದೆವು. ಆ ದಿನಗಳಲ್ಲಿ ವಾಂತಿ, ಸುಸ್ತು, ಊಟ ಬಿಡುವುದು ಕಂಡರೆ ರಾತ್ರಿಯಾದರೂ ಫೋನ್ ಮಾಡಿ ಎಂದಿದ್ದೆ. ಅದೃಷ್ಟಕ್ಕೆ ಏನೂ ಆಗಲಿಲ್ಲ.

ಥೈರಾಯ್ಡ್ ಪರೀಕ್ಷೆಯನ್ನು ಬೇಕೆಂದೇ ಮುಂದೂಡಿದೆ. ಸ್ಟೀರಾಯ್ಡ್ ಪ್ರಭಾವದಲ್ಲಿ ಟಿ4 ಎಂಬ ಥೈರಾಯ್ಡ್ ಹಾರ್ಮೋನು ಸುಳ್ಳೇ ಕಡಿಮೆ ತೋರಿಸುತ್ತದೆ, ಆಗ ಇಲ್ಲದ ಕಾಯಿಲೆಗೆ ಜೀವನಪರ್ಯಂತ ಮಾತ್ರೆ. ಟ್ಯೂಬ್ ನಿಂತು ಆರು ವಾರವಾದ ಮೇಲೆ ರಕ್ತ ಕಳಿಸಿದೆವು. ಸಹಜವಾಗಿತ್ತು.

ತೊಳೆದದ್ದು, ತಿನ್ನಿಸಿದ್ದು

ಈ ಕಾಯಿಲೆ ಹೋಗುವುದಿಲ್ಲ, ಹತೋಟಿಯಲ್ಲಿ ಇಡಬಹುದು ಎಂದು ಅಜ್ಜಿಗೆ ಹೇಳುವುದೇ ಮೊದಲ ಚಿಕಿತ್ಸೆಯಾಗಿತ್ತು. ಒಂದು ತಿಂಗಳ ಹಿಂದೆ ಕೊಟ್ಟ ಮಾತನ್ನು ವಾಪಸು ತೆಗೆದುಕೊಂಡೆ.

ಕಿವಿ ತೂತಿಗೆ ಹತ್ತಿ ಇಟ್ಟು, ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಅಂಚಿಗೆ ಹತ್ತು ನಿಮಿಷ ಸುತ್ತಿಡಬೇಕು. ಆಮೇಲೆ ಸ್ಯಾಲಿಸಿಲಿಕ್ ಆಮ್ಲ ಮತ್ತು ಗಂಧಕ ತಲಾ 2 ಶೇಕಡಾ ಇರುವ ಶಾಂಪೂ ಬೆರಳಿಂದ ಹಚ್ಚಿ ಇನ್ನೂ ಹತ್ತು ನಿಮಿಷ. ಗಡಿಯಾರ ನೋಡಬೇಕು, ಅಂದಾಜು ಬೇಡ. ಮೆದುವಾದ ಹಕ್ಕಳೆಯನ್ನು ಬಟ್ಟೆಯಿಂದ ಒರೆಸಿದಷ್ಟು ಬರಲಿ, ಉಗುರಿನಿಂದ ಎಬ್ಬಿಸಬಾರದು, ಎಬ್ಬಿಸಿದರೆ ಹಸಿ ಗಾಯ. ಮೊದಲ ಮೂರು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆ ಎರಡು. ತೊಳೆದ ಮೇಲೆ ನೀರಲ್ಲಿ ಬೆರೆಸಿದ ಗ್ಲಿಸರಿನ್ ತೆಳ್ಳಗೆ. ಅಜ್ಜಿ ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ ಎಲ್ಲ ಕೇಳಿದರು. ಜಿಡ್ಡೇ ರೋಗವಾಗಿರುವಾಗ ಮೇಲೆ ಎಣ್ಣೆ ಸುರಿಯುವುದು ಬೇಡವೆಂದೆ.

ಒಂದು ವಾರದ ಮೇಲೆ ಫೋನ್ ಬಂತು: "ಶಾಂಪೂ ಬುರುಗೇ ಬರವಲ್ದು." ಅವರ ಮನೆಯದು ಬೋರ್ ನೀರು. ಸುಣ್ಣಕಲ್ಲಿನ ನೆಲದ ನೀರು ಎಷ್ಟು ಗಡುಸೆಂದು ಈ ಊರಲ್ಲಿ ತಲೆ ತೊಳೆದುಕೊಂಡವರಿಗೆಲ್ಲ ಗೊತ್ತು. ಕುಡಿಯುವ ಫಿಲ್ಟರ್ ನೀರು ಒಂದು ತಂಬಿಗೆ ಬಳಸಿ ಎಂದೆ. ಕಿವಿ ತೊಳೆಯಲು ಅಷ್ಟೇ ಸಾಕು, ಮೈಯೆಲ್ಲ ತೊಳೆಯುವುದಲ್ಲವಲ್ಲ.

ಸೀಳಿಗೆ ಪೆಂಟಾಕ್ಸಿಫಿಲಿನ್ ಕೊಟ್ಟೆ. ಕೆಂಪು ರಕ್ತಕಣಗಳನ್ನು ಮೆದು ಮಾಡಿ ಕಿರುನಾಳಗಳಲ್ಲಿ ಸಲೀಸಾಗಿ ನುಸುಳುವಂತೆ ಮಾಡುವ ಔಷಧ, ಕಡೇ ಹೊಲಕ್ಕೆ ನೀರು ತಲುಪಿಸುವ ಕೆಲಸ. ಕಿಲೋಗೆ 15 ಮಿ.ಗ್ರಾಂ. ಲೆಕ್ಕದಲ್ಲಿ 400ರ ಮಾತ್ರೆಯ ಕಾಲು ಭಾಗ, ದಿನಕ್ಕೆ ಮೂರು ಸಲ, ಊಟದ ಜೊತೆ. ಇದು ಒಂದೆರಡು ವಾರದಲ್ಲಿ ಫಲ ಕೊಡುವಂಥದ್ದಲ್ಲ, ತಾಳ್ಮೆ ಬೇಕು.

ಊಟದ ವಿಷಯದಲ್ಲಿ ಮಾತ್ರ ದೊಡ್ಡ ಚೌಕಾಶಿ ನಡೆಯಿತು. ರೊಟ್ಟಿ ಹಾಲಿನಲ್ಲಿ ಚರ್ಮಕ್ಕೆ ಬೇಕಾದ ಕೊಬ್ಬಿನಾಮ್ಲವೂ ಸಾಲದು, ಸತುವೂ ಸಾಲದು. ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶ ಇದ್ದಷ್ಟು ಸತುವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮೀನೆಣ್ಣೆ ಗುಳಿಗೆ ಎಂದೆ. ಅಜ್ಜಿ ಕಿವಿ ಮುಚ್ಚಿಕೊಂಡರು. ಅಗಸಿ ಎಣ್ಣೆ ಆಗಬಹುದೇ ಎಂದು ಅವರೇ ಕೇಳಿದರು, ಮನೆಯಲ್ಲಿ ಅಗಸಿ ಹಿಂಡಿ ಇಲ್ಲದ ದಿನವಿಲ್ಲ. ಆದರೆ ಅಗಸಿಯ ಒಮೆಗಾ-3ನ್ನು ಮೀನೆಣ್ಣೆಯದಾಗಿ ಬದಲಿಸಿಕೊಳ್ಳುವ ಶಕ್ತಿ ನಾಯಿಗೆ ಕಡಿಮೆ. ಕೊನೆಗೆ ಕುಸುಬಿ ಎಣ್ಣೆಗೆ ಬಂದು ನಿಂತೆವು. ಕುಸುಬಿಯಲ್ಲಿ ಲಿನೊಲೆಯಿಕ್ ಆಮ್ಲ ಧಾರಾಳ, ಹೊಟ್ಟುಗಟ್ಟುವ ಚರ್ಮಕ್ಕೆ ಬೇಕಾದದ್ದೇ ಅದು, ಜೊತೆಗೆ ನಮ್ಮ ಕಡೆ ಗಾಣದಲ್ಲೇ ಸಿಗುತ್ತದೆ. ದಿನಕ್ಕೆ ಅರ್ಧ ಚಮಚೆಯಿಂದ ಶುರು ಮಾಡಿ ಒಂದು ಚಮಚೆ. ಇನ್ನು ಪೂರ್ಣಾಹಾರಕ್ಕೆ ನಾಯಿಗಳ ಒಣ ಆಹಾರ ಬೇಕೇ ಬೇಕೆಂದು ನಾನು ಪಟ್ಟು ಹಿಡಿದೆ. ಅದರಲ್ಲಿ ಕೋಳಿ ಇದೆ ಎಂಬುದನ್ನೂ ಮುಚ್ಚಿಡಲಿಲ್ಲ.

"ಅದು ತಿನ್ಲಿ ಬಿಡ್ರಿ, ಅದಕ್ಕ್ಯಾವ ಮಡಿ. ನನ್ನ ಅಡಗಿ ಮನ್ಯಾಗ ಮಾತ್ರ ಬ್ಯಾಡ."

ಹಾಗೆ ಟೈಗರ್‌ನ ಊಟ ದಾಲ್ ಮಿಲ್ಲಿನ ಗೋದಾಮಿಗೆ ಹೋಯಿತು, ಬಡಿಸುವ ಕೆಲಸ ಮೊಮ್ಮಗನದು. ಉಣ್ಣುವಾಗ ಕಿವಿ ಬಟ್ಟಲಿಗೆ ಬೀಳದಿರಲು ಹಳೆ ಕಾಲುಚೀಲದ ಬೆರಳ ಭಾಗ ಕತ್ತರಿಸಿ, ಟೋಪಿಯಂತೆ ತಲೆಗೆ ತೊಡಿಸುವ ಉಪಾಯವೂ ಆ ಹುಡುಗನದೇ.

ಕೂದಲು ಬಂತೇ?

ಮೂರು ವಾರಕ್ಕೆ ಹಕ್ಕಳೆ ಬಹುಪಾಲು ಬಿಟ್ಟಿತು. ನೀರು ಕುಡಿಯುವುದು, ಉಚ್ಚೆ ಹೊಯ್ಯುವುದು ಮೇ ಹೊತ್ತಿಗೆ ಮೊದಲಿನಂತಾಯಿತು. ಸೀಳು ಕೂಡಲು ಏಳು ವಾರ ಹಿಡಿಯಿತು. ಕೂಡಿದ ಜಾಗದಲ್ಲಿ ಅಂಚು ಸ್ವಲ್ಪ ಒಳಕ್ಕೆ ಕಚ್ಚಿಹೋಗಿದೆ, ಅದು ಹಾಗೇ ಉಳಿಯುತ್ತದೆ. ಕೂಡದೇ ಹೋಗಿದ್ದರೆ ಅಂಚನ್ನು ಕತ್ತರಿಸಿ ಹೊಲಿಯುವ ಶಸ್ತ್ರಚಿಕಿತ್ಸೆಗೆ ಬೀದರಿನ ಪಶುವೈದ್ಯ ಕಾಲೇಜಿಗೆ ಕಳಿಸುವ ಯೋಚನೆ ಇತ್ತು, ಬೇಕಾಗಲಿಲ್ಲ. ಅಂಚಿನ ಮೇಲೆ ಜೂನ್ ಕೊನೆಗೆ ವಿರಳವಾಗಿ ಕೂದಲು ಚಿಗುರಿತು.

ಹೊರಮೈ ಮಾತ್ರ ಬೋಳಾಗಿಯೇ ಉಳಿಯಿತು.

ಅಜ್ಜಿ ಪ್ರತಿ ಸಲ ಬಂದಾಗಲೂ ಅದನ್ನೇ ತೋರಿಸುತ್ತಿದ್ದರು. ಹಕ್ಕಳೆ ಹೋದರೆ ಕೂದಲು ಬರಬೇಕು ಎಂಬುದು ಅವರ ಲೆಕ್ಕ, ಅದರಲ್ಲಿ ತಪ್ಪೇನಿಲ್ಲ, ಮೊದಲ ದಿನ ನನ್ನದೂ ಅದೇ ಲೆಕ್ಕ. ಹಳೆಯ ಫೋಟೋ ಇದ್ದರೆ ತನ್ನಿ ಎಂದೆ. ಹುಡುಗನ ಮೊಬೈಲಿನಲ್ಲಿ ಟೈಗರ್ ಒಂದು ವರ್ಷದವನಿದ್ದಾಗಿನ ಚಿತ್ರವಿತ್ತು, ಹಿಗ್ಗಿಸಿ ನೋಡಿದರೆ ಆಗಲೇ ಕಿವಿಯ ನಡುವೆ ಕೂದಲು ತೆಳು. ಮೂರು ವರ್ಷದ ಚಿತ್ರದಲ್ಲಿ ಇನ್ನಷ್ಟು. ಹೊಟ್ಟು ಕಂಡದ್ದು ಕಳೆದ ದೀಪಾವಳಿಗೆ, ಬೋಳು ಶುರುವಾದದ್ದು ಅದಕ್ಕೂ ನಾಲ್ಕು ವರ್ಷ ಮೊದಲು. ಗಂಡು ಡ್ಯಾಶುಂಡ್‌ಗಳಲ್ಲಿ ಇದು ಆರರಿಂದ ಒಂಬತ್ತು ತಿಂಗಳ ವಯಸ್ಸಿಗೆ ಶುರುವಾಗಿ, ಎಂಟೊಂಬತ್ತು ವರ್ಷಕ್ಕೆ ಕಿವಿ ಪೂರಾ ಬೋಳಾಗುವ ತನಕ ನಿಧಾನಕ್ಕೆ ಸಾಗುತ್ತದೆ. ನೋವಿಲ್ಲ, ತುರಿಕೆಯಿಲ್ಲ, ಆಯುಸ್ಸಿಗೆ ಏನೂ ಆಗುವುದಿಲ್ಲ. ಮೆಲಟೋನಿನ್ ಎಂಬ ಹಾರ್ಮೋನು ಕೊಟ್ಟರೆ ಕೆಲವು ನಾಯಿಗಳಲ್ಲಿ ಕೂದಲು ಮರಳುತ್ತದೆ, ಕೆಲವದರಲ್ಲಿ ಇಲ್ಲ. ಅಜ್ಜಿ ನೋಡೋಣ ಎಂದರು, 3 ಮಿ.ಗ್ರಾಂ. ದಿನಕ್ಕೆರಡು ಸಲ, ಮೂರು ತಿಂಗಳು ಕೊಟ್ಟೆವು. ಫೋಟೋ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ವ್ಯತ್ಯಾಸ ಕಾಣಲಿಲ್ಲ. ಹುಡುಗ ಕಾಣುತ್ತದೆ ಎಂದ. ನಿಲ್ಲಿಸಿದೆವು.

"ನಮ್ಮ ಮನ್ಯವ್ರ ತಲಿನೂ ಹಿಂಗೇ ಆಗಿತ್ತು," ಎಂದರು ಅಜ್ಜಿ. "ಅವ್ರೇನ್ ಟ್ಯೂಬ್ ಹಚ್ಕೊಂಡ್ರೇನು."

ಶ್ರಾವಣದಲ್ಲಿ ಒಮ್ಮೆ ಎಡವಿದರು. ಮನೆ ತುಂಬ ಪೂಜೆ, ನೆಂಟರು. ಮೂರು ವಾರ ಕಿವಿ ತೊಳೆಯಲಾಗಲಿಲ್ಲ, ಮಳೆಗೆ ನೊಣವೂ ಹೆಚ್ಚಿತ್ತು. ಬಲಗಿವಿಯ ಅಂಚು ಮತ್ತೆ ಗಟ್ಟಿಯಾಯಿತು. ಈ ಸಲ ಯಾರೂ ಮೆಡಿಕಲ್ ಅಂಗಡಿಗೆ ಹೋಗಲಿಲ್ಲ. ಬೆಚ್ಚನೆ ಬಟ್ಟೆ, ಶಾಂಪೂ, ದಿನ ಬಿಟ್ಟು ದಿನ, ಹತ್ತು ದಿನದಲ್ಲಿ ತಹಬಂದಿಗೆ ಬಂತು.

ಅಕ್ಟೋಬರ್‌ನಲ್ಲಿ ಬಂದಾಗ ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನೇ ಮೊಳೆಯಿಂದ ಕಿತ್ತು ತಂದಿದ್ದರು. ಏಕಾದಶಿ, ಅಮಾವಾಸ್ಯೆಗಳ ಪಕ್ಕದಲ್ಲಿ, ಕಿವಿ ತೊಳೆದ ದಿನಗಳಿಗೆಲ್ಲ ಕುಂಕುಮದ ಚುಕ್ಕೆ. ತೂಕ ನೋಡಿದೆ, 6.1 ಕಿಲೋ. ಬಲಗಿವಿಯ ತುದಿಯ ಬಳಿ ಸಾಸಿವೆ ಕಾಳಿನಷ್ಟು ಹೊಸ ಗಂಟೊಂದು ಬೆರಳಿಗೆ ಸಿಕ್ಕಿತು, ಜಿಡ್ಡು ಕಟ್ಟಿಕೊಂಡದ್ದೇ ಇರಬೇಕು. ಕಾರ್ಡಿನಲ್ಲಿ ಕಿವಿಯ ಚಿತ್ರ ಬರೆದು ಅಲ್ಲೊಂದು ಚುಕ್ಕೆ ಇಟ್ಟೆ. ಎರಡು ವಾರ ಬಿಟ್ಟು ಮತ್ತೆ ಕರೆದುಕೊಂಡು ಬನ್ನಿ ಎಂದಿದ್ದೇನೆ.